ಟ್ಯಾಪೆಟ್ ಕವರಿನ ಮ್ಯಾಲ ಮೂರು ಚುಕ್ಕಿ

ನಮ್ಮವ್ವಗ ಓದಾಕ ಬರತಿರಲಿಲ್ಲ. ಆಳಂದದ ಭಾಂಡೆ ಅಂಗಡಿಯಾಗ ತಾಟು, ತಂಬಿಗಿ ಕೊಂಡ್ರ ಮಶಿನ್‌ಲೇ ಹೆಸರು ಕೊರದು ಕೊಡತಿದ್ರು. ಆದ್ರ ಕೊರದದ್ದು ಯಾರ ಹೆಸರು ಅಂತ ಆಕಿಗೆ ಹೆಂಗ ತಿಳೀಬೇಕು? ಅದಕ್ಕ ಮನಿಗೆ ಬಂದ ಮ್ಯಾಲ ಮೊಳಿ ಇಟ್ಟು, ಕಲ್ಲಿಲೇ ಹೊಡದು, ಪ್ರತಿಯೊಂದು ಭಾಂಡೆದ ತಳಕ್ಕ ಮೂರು ಚುಕ್ಕಿ ಹಾಕತಿದ್ಲು. ಓಣಿಯಾಗ ಮದಿವಿ ಆದ್ರ ಹತ್ತು ಮನಿ ಭಾಂಡೆ ಒಂದೇ ಹಂದರದಾಗ ಕೂಡತಾವ. ಮದಿವಿ ಮುಗದ ಮ್ಯಾಲ ಇದು ನಂದು, ಅದು ನಿಂದು ಅಂತ ಹೆಣ್ಣುಮಕ್ಕಳ ಜಗಳ. ನಮ್ಮವ್ವ ಬಾಯಿನೇ ತೆಗೀತಿರಲಿಲ್ಲ. ಬೋಗೋಣಿ ಬೋರಲ ಹಾಕಿ, ಬೆರಳಿಲೇ ಸವರಿ, ಎತ್ತಿಕೊಂಡು ಮನಿಗೆ ಬರತಿದ್ಲು.

ಕಲಾಯಿ ಹಾಕಾಂವ ಬಂದ್ರೂ ಹಂಗೇ. ಕೊಡೂ ಮುಂದ ಒಮ್ಮೆ ಸವರೋದು, ಹೊಳ್ಳಿ ತಗೊಳೂ ಮುಂದ ಒಮ್ಮೆ ಸವರೋದು. ಮಂದಿ ಕೆಟ್ಟವರಲ್ಲವಾ, ಆದ್ರ ಸವರಿ ನೋಡಬೇಕು ಅಂತಿದ್ಲು. ನಾನು ಮದಿವ್ಯಾಗಿ ಅಫಜಲಪುರಕ್ಕ ಬರೂ ಮುಂದ ಆ ಮಾತಿನ ಮೊದಲಿನ ಅರ್ಧ ಆಳಂದದಾಗೇ ಬಿಟ್ಟು, ಸವರೋದಷ್ಟೇ ಕಟಗೊಂಡು ಬಂದೆ.

ನನ್ನ ಸ್ವಭಾವ ಮುಚ್ಚಿಡೂದ್ಯಾಕ? ಹಾಲಿನಾಕಿ ನಕ್ಕರ ನೀರು ಜಾಸ್ತಿ ಹಾಕ್ಯಾಳ ಅಂತ ಸಂಶಯ, ನಗಲಿಲ್ಲಂದ್ರ ಸಿಕ್ಕಿಬೀಳ್ತೇನಿ ಅಂತ ಹೆದರ್ಯಾಳ ಅಂತ ಸಂಶಯ. ನಮ್ಮ ಮನಿಯವರು ಅರಿವಿ ಅಂಗಡಿ ಇಟ್ಟವರು, ತಣ್ಣಗಿನ ಮನಷ್ಯಾರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತ ನಗತಿದ್ರು. ಹಳದಿ ಇದ್ದದ್ದಕ್ಕೇ ಹಳದಿ ಕಾಣತದ ಅಂತ ನಾನೂ ಬಿಡತಿರಲಿಲ್ಲ.

ಎಂಬತ್ತರ ದಶಕದಾಗ ನಮ್ಮಪ್ಪಗ ಕಣ್ಣು ಮಂಜಾಗಿ ಕಾರು ಹೊಡಿಯೋದು ಬಿಡಬೇಕಾತು. ಆ ಕಾರು ನಮ್ಮಜ್ಜ ಒಬ್ಬ ಜಾಗೀರದಾರರ ಮನಿಯಿಂದ ತಂದದ್ದು. ವಿಲಾಯತಿ ಮಾಲು, ಕರೇ ಬಣ್ಣ, ಉದ್ದ ಮೂಗು. ನಮ್ಮಪ್ಪ ಗಂಡಮಕ್ಕಳಿಗೆ ಹೊಲ ಕೊಟ್ಟ, ನನಗ ಕಾರು ಕೊಟ್ಟ. ಕೊಡೂ ಮುಂದ ಹೇಳಿದ್ದು ಒಂದೇ ಮಾತು. ಎಂಜಿನ್ನಿನ ಸಾಮಾನು ಒಂದೂ ಅದಲಬದಲ ಆಗಿಲ್ಲ, ಆಗಗೊಡಬ್ಯಾಡ ಅಂದ. ಆಗ ಎಲ್ಲಾ ಕಡೆ ಇದೇ ಸುದ್ದಿ ಇತ್ತು. ರಿಪೇರಿಗೆ ಬಿಟ್ರ ಅಸಲಿ ತಕ್ಕೊಂಡು ನಕಲಿ ಹಾಕಿ ಕಳಸತಾರ, ಅಸಲಿ ಮಾಲು ಸೊಲ್ಲಾಪುರಕ್ಕ ಹೋಗತದ ಅಂತ. ಇಂಥಾ ಸುದ್ದಿ ನನ್ನ ಕಿವಿಗೆ ಬಿದ್ರ ಕೇಳಬೇಕೇ?

ಒಂದು ಅಮಾಸಿಗೆ ಘತ್ತರಗಿ ಗುಡಿಗೆ ಹೋಗೂ ಮುಂದ ಎಂಜಿನ್ ಕಾದು ಕಾರು ನಿಂತಿತು. ನಮ್ಮ ಭಾವಾರು, ಅಂದ್ರ ನಮ್ಮ ಮನಿಯವರ ಅಣ್ಣ, ಇಳದು ಬಾನೆಟ್ ಎತ್ತಿದ್ರು. ಅವರು ಜೇವರ್ಗಿ ಅಫಜಲಪುರ ನಡುವ ಆರು ಜೀಪು ಓಡಸತಿದ್ರು, ಎಂಜಿನ್ ಅಂದ್ರ ಅವರಿಗೆ ಅಂಗೈ ನೆಲ್ಲಿಕಾಯಿ. ಒಳಗ ನೋಡಿದ್ರ ಎಲ್ಲಾ ಜಂಗ ಹಿಡದು ಪಕಳಿ ಪಕಳಿ ಏಳಾಕತ್ತಿತ್ತು. ಹೊರಗ ಶೃಂಗಾರ, ಒಳಗ ಗೋಳಿಸೊಪ್ಪು ಅಂತ ಭಾವಾರು ಅಂದ್ರು. ದಾರಿ ಮ್ಯಾಲ ಹೊಂಟ ಮಂದಿ ನಕ್ಕರು. ಅದು ನಮ್ಮಪ್ಪಗ ಅಂದಂಗ ಆಗಿ ನನಗ ಕಣ್ಣಾಗ ನೀರು ಬಂತು.

ಸಾಮಾನೆಲ್ಲಾ ಬಿಚ್ಚಿಸಿ ಹೊಸ ಬಣ್ಣ ಹಚ್ಚಸೋದಂತಾತು. ಬಣ್ಣದವನ್ನ ಹುಡಿಕಿ ಕೊಟ್ಟವರೂ ಭಾವಾರೇ. ಜೇವರ್ಗಿಯಾಗ ಒಬ್ಬ ಮಿಸ್ತ್ರಿ, ಐವತ್ತರ ಆಸುಪಾಸು, ತೆಳ್ಳಗ, ಉಗರ ಸಂದ್ಯಾಗೆಲ್ಲಾ ಕೆಂಪು ಬಣ್ಣ. ಟ್ರ್ಯಾಕ್ಟರ್ ಟ್ರಾಲಿ, ಅಂಗಡಿ ಶಟರು ಬಳೀತಿದ್ದ. ಅಂಗಡಿ ಇಲ್ಲ, ಬೋರ್ಡಿಲ್ಲ, ಬೇವಿನ ಗಿಡದ ಕೆಳಗ ಕೆಲಸ. ಮಳಿ ಬಂದ್ರ ಕೆಲಸ ಬಂದ್. ಈ ಕಾರಿನ ಕೆಲಸ ಚಂದ ಮಾಡಿದ್ರ ಆರೂ ಜೀಪು ನಿನಗೇ ಅಂತ ಭಾವಾರು ಅಂವಗ ಮಾತು ಕೊಟ್ಟಿದ್ರು. ಅಂವ ಅದನ್ನ ಬಂದ ದಿನಾನೇ ನನ್ನ ಮುಂದ ಬಿಚ್ಚಿ ಹೇಳಿದ. ಆರು ಜೀಪು ಸಿಕ್ಕರ ಗಿಡದ ಕೆಳಗ ತಗಡಿನ ಶೆಡ್ ಹಾಕತೇನಿ, ಮಳಿಗಾಲದಾಗೂ ಒಲಿ ಉರೀತದ, ಈ ಕಾರು ನನ್ನ ಪರೀಕ್ಷೆ ಇದ್ದಂಗ ಅಕ್ಕಾರ ಅಂತ.

ಬ್ಯಾರೆ ಯಾರರ ಆಗಿದ್ರ ಪಾಪ ಅಂತಿದ್ರು. ನನಗ ಸಂಶಯ ಸುರುವಾತು. ಯಾಕ ಇಷ್ಟು ಹೇಳತಾನ? ಚಹಾ ಕೊಟ್ರ ಮೂರು ಸಲ ಬ್ಯಾಡಂದ. ಅತಿ ವಿನಯ ಧೂರ್ತ ಲಕ್ಷಣ ಅಂತ ದೊಡ್ಡವರು ಸುಮ್ಮ ಹೇಳಿಲ್ಲ. ಅಂಗಳದ ಫರ್ಸಿ ಕಲ್ಲಿನ ಮ್ಯಾಲ ಒಂದೊಂದೇ ಸಾಮಾನು ಬಿಚ್ಚಿ ಇಡತ ಹೋದ. ಗಾಳಿ ಸೋಸೂ ಡಬ್ಬಿ, ಅದರ ಮುಚ್ಚಳ, ಬ್ಯಾಟರಿ ಟ್ರೇ, ಫ್ಯಾನ್, ರೇಡಿಯೇಟರ್ ಮ್ಯಾಲಿನ ತಗಡು, ಹಾರ್ನಿನ ಎರಡು ಡಬ್ಬಿ, ಕಡೀಕ ಎಂಜಿನ್ನಿನ ನೆತ್ತಿ ಮ್ಯಾಲ ಕೂಡೂ ಟ್ಯಾಪೆಟ್ ಕವರ್. ಎಂಟು ಸಾಮಾನು. ಆ ಕವರನ್ನ ಬೆರಳಿಲೇ ಬಡದು ಸಪ್ಪಳ ಕೇಳಿ, ಇಂಥಾ ತಗಡು ಈಗ ಸಿಗಂಗಿಲ್ಲರಿ ಅಂದ. ಸಿಗಂಗಿಲ್ಲ ಅಂತ ಗೊತ್ತದ ಅಂದ್ರ ಹುಡಿಕ್ಯಾನ ಅಂತಾತಲ್ಲ?

ಹೊತ್ತು ನೆತ್ತಿಗೆ ಬಂತು. ಮನಿಗೆ ಬಂದವರಿಗೆ ಊಟ ಹಾಕದ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಕಳಿಸಿದ್ದು ನನ್ನ ಜನ್ಮದಾಗ ಅದೊಂದೇ ಸಲ. ಒಲಿ ಮ್ಯಾಲ ಪುಂಡಿಪಲ್ಯ ಕುದಿಯೂ ವಾಸನಿ ಅಂಗಳಕ್ಕೂ ಬರಾಕತ್ತಿತ್ತು. ಅಂವ ಟಾವೆಲ್ ಹೆಗಲಿಗೆ ಹಾಕಿಕೊಂಡು ಹೋದ. ನಾನು ಬಾಗಲಾ ಮುಂದ ಮಾಡಿ, ಮೊಳಿ, ಕಲ್ಲು ತಂದು ಕುಂತೆ. ಸಪ್ಪಳ ಓಣಿಗೆ ಹೋಗಬಾರದಂತ ಕೆಳಗ ಗೋಣಿಚೀಲ ಹಾಸಿ ಹೊಡಿಯಾಕ ಸುರು ಮಾಡಿದೆ. ನಮ್ಮವ್ವ ಹಾಕಿದಂಗೇ, ಎಲ್ಲಾದಕ್ಕೂ ಒಳಮಗ್ಗಲ ಅಂಚಿಗೆ ಮೂರು ಚುಕ್ಕಿ. ಕೆಲಸ ಭಾಳ ಸರಳ ಇತ್ತು, ಕೈಯಾಗ ಕುಂತ ಕೆಲಸ. ಅಷ್ಟರಾಗ ಹೊರಗ ನಮ್ಮ ಮನಿಯವರ ಚಪ್ಪಲಿ ಸಪ್ಪಳ ಕೇಳಿಸಿತು. ಅವರಿಗೆ ಗೊತ್ತಾದ್ರ ಊರೆಲ್ಲಾ ನಗೋಹಂಗ ಮಾಡತಾರಂತ ಮೊಳಿ ಜ್ವಾಳದ ಹಿಟ್ಟಿನ ಡಬ್ಬಿಯಾಗ ಹಾಕಿ ಎದ್ದೆ. ಅವರಿಗೆ ರೊಟ್ಟಿ ನೀಡೋದ್ರಾಗ ಮಿಸ್ತ್ರಿ ಬಂದ, ಎಂಟೂ ಸಾಮಾನು ಎರಡು ಚೀಲದಾಗ ತುಂಬಿಕೊಂಡು ಜೇವರ್ಗಿ ಬಸ್ಸಿಗೆ ಹೋದ.

ಐದು ದಿನ ತಡಕೊಂಡೆ. ಆರನೇ ದಿನ ಜೇವರ್ಗಿಯಾಗ ಯಾರನ್ನೋ ಮಾತಾಡಿಸಬೇಕಂತ ಸುಳ್ಳು ಹೇಳಿ ಬಸ್ ಹತ್ತಿದೆ. ಬೇವಿನ ಗಿಡದ ಕೆಳಗ ಧೂಳು ಏಳಬಾರದಂತ ನೆಲಕ್ಕ ನೀರು ಹೊಡದಿದ್ದ. ತಂತಿಗೆ ಸಾಮಾನು ತೂಗಬಿಟ್ಟಿದ್ದ. ಎಲ್ಲಾ ರೆಡ್ ಆಕ್ಸೈಡ್ ಬಳಕೊಂಡು ಒಂದೇ ನಮೂನಿ ಕೆಂಪು, ಯಾವುದು ನಂದು ಯಾವುದು ಮಂದೀದು ತಿಳೀವಲ್ದು. ಅಂವನ ತಮ್ಮ, ಮೂವತ್ತರಾಂವ, ಬದಿಗೆ ಕುಂತು ನೀರು ಹಚ್ಚಿ ಉಸುಕಿನ ಕಾಗದದಲೇ ಫ್ಯಾನ್ ತಿಕ್ಕಾಕತ್ತಿದ್ದ. ಅಣ್ಣತಮ್ಮರದು ಒಂದೇ ಒಲಿ, ಒಂದೇ ಕೆಲಸ. ಮಿಸ್ತ್ರಿ ನನ್ನ ನೋಡಿ ಖುಷಿಯಾಗಿ ಎಲ್ಲಾ ಹೇಳಾಕ ನಿಂತ. ಘಾಸಲೇಟ್ ಎಣ್ಣಿಲೇ ತೊಳದೇನಿ, ತಂತಿ ಬ್ರಶ್ ಹೊಡದೇನಿ, ಟ್ಯಾಪೆಟ್ ಕವರಿಗೆ ಮಾತ್ರ ಪುಟ್ಟಿ ಹಾಕಂಗಿಲ್ಲ, ಎಂಜಿನ್ ಕಾದ್ರ ಉದರತದ ಅಂತ ಏನೇನೋ. ನಾನು ಯಾವುದೂ ಕೇಳಲಿಲ್ಲ. ನನ್ನ ಕಣ್ಣು ಗಿಡದ ಬುಡಕ್ಕ ಇತ್ತು. ಅಲ್ಲಿ ನಮ್ಮವೇ ಇದ್ದಂಗಿರೋ ಎರಡು ಹಳೇ ಡಬ್ಬಿ ಬಿದ್ದಿದ್ವು. ಅವು ಯಾರವು ಅಂತ ಕೇಳಿದೆ. ತಮ್ಮ ತಂದಾನ್ರಿ, ಯಾವುದೋ ಜೀಪಿನವು ಅಂದ. ಬಸ್ಸಿನಾಗ ಹೊಳ್ಳಿ ಬರೂತನಕ ಆ ಎರಡು ಡಬ್ಬಿ ನನ್ನ ತಲಿಯಾಗ ಉರುಳಾಡಿದ್ವು.

ಹನ್ನೆರಡನೇ ದಿನ ಮಿಸ್ತ್ರಿ ಸಾಮಾನು ತಂದ. ಒಂದೊಂದನ್ನೂ ತನ್ನ ಹಳೇ ಧೋತ್ರ ಹರದು ಸುತ್ತಿದ್ದ. ಭಾವಾರು ಬೇಕಂತಲೇ ಜೀಪು ತಗೊಂಡು ನೋಡಾಕ ಬಂದಿದ್ರು, ಓಣಿಯವರೂ ನಾಕು ಮಂದಿ ಕೂಡಿದ್ರು. ಅರಿವಿ ಬಿಚ್ಚಿದ. ಸುಳ್ಳು ಹೇಳಬಾರದು, ಅಂಥಾ ಕರೇ ಬಣ್ಣ ನಾನು ನೋಡಿರಲಿಲ್ಲ. ಈಗಷ್ಟೇ ನೀರಾಗಿಂದ ಎತ್ತಿದಂಗ ಇತ್ತು, ಬಗ್ಗಿದ್ರ ನನ್ನ ಮಾರಿ ಕಾಣತಿತ್ತು. ಭಾವಾರು ಗೋಣು ಹಾಕಿ, ನಾಳಿಂದ ಮೊದಲನೇ ಜೀಪು ತಗೊಂಡು ಹೋಗು ಅಂದೇಬಿಟ್ರು. ಮಿಸ್ತ್ರಿ ಟಾವೆಲಿನಲೇ ಮಾರಿ ಒರಸಿಕೊಂಡ.

ನಾನು ಗಾಳಿ ಡಬ್ಬಿ ಎತ್ತಿ ಒಳಗ ಬೆರಳು ಹಾಕಿ ಸವರಿದೆ. ನುಣ್ಣಗಿತ್ತು. ಮುಚ್ಚಳ ಸವರಿದೆ, ನುಣ್ಣಗ. ಟ್ರೇ, ಫ್ಯಾನ್, ಹಾರ್ನ್ ಡಬ್ಬಿ, ಎಲ್ಲಾ ಎಣ್ಣಿ ಹಚ್ಚಿದಂಗ ನುಣ್ಣಗ. ನನ್ನ ಮೈ ಬಿಸಿ ಆತು. ನಮ್ಮಪ್ಪನ ಮಾತು ನೆಪ್ಪಾತು.

"ಇವು ನಮ್ಮವಲ್ಲ," ಅಂದೆ. "ನಮ್ಮ ಸಾಮಾನಿಗೆ ಗುರ್ತು ಹಾಕಿದ್ದೆ. ಒಂದಕ್ಕೂ ಇಲ್ಲ."

ಎಂಥಾ ಗುರ್ತು ಅಂತ ಭಾವಾರು ಕೇಳಿದ್ರು, ಹೇಳಿದೆ. ಮಿಸ್ತ್ರಿ ನನ್ನ ಮಾರಿ ನೋಡಿ ಹಗುರಕ ನಕ್ಕ, ಸಣ್ಣ ಹುಡುಗರಿಗೆ ನಗತಾರಲ್ಲ, ಹಂಗ. ಕುಣಿ ಇದ್ವು, ಜಂಗ ತಿಂದ ಕುಣಿ ಅಂತ ತಿಳದು ಪುಟ್ಟಿ ತುಂಬೇನಿ, ಬಣ್ಣದವನು ಕುಣಿ ಕಂಡ್ರ ತುಂಬದ ಬಿಡತಾನೇನ್ರಿ ಅಂದ. ಈಗ ಬರೆಯೂ ಮುಂದ ನನಗೂ ನಗಿ ಬರತದ. ಭಾಂಡೆಕ್ಕ ಹಾಕೂ ಗುರ್ತು ಬಣ್ಣಕ್ಕ ಕೊಡೂ ಸಾಮಾನಿಗೆ ಹಾಕಿದ ಶ್ಯಾಣ್ಯಾಕಿ ನಾನೊಬ್ಬಳೇ ಇರಬೇಕು. ಆದ್ರ ಆವತ್ತು ಆ ನಗಿ ನನಗ ಕೊಳ್ಳಿ ಇಟ್ಟಂಗಾತು. ಮಾತಿಗೆ ಮಾತು ಜೋಡಿಸಾಕ ಯಾರಿಗೆ ಬರಂಗಿಲ್ಲ, ತೋರಿಸ್ರಿ ಅಂದೆ.

ಅಂವ ಚೀಲದಾಗಿಂದ ಕೆರಿಯೂ ಪತ್ರಿ ತೆಗದ. ಗಾಳಿ ಡಬ್ಬಿ ತೊಡಿ ಮ್ಯಾಲ ಇಟಗೊಂಡು, ತಾನೇ ಹಚ್ಚಿದ ಬಣ್ಣ ತಾನೇ ಕೆರದ. ಕರೇದು ಹೋತು, ಕೆಂಪು ಹೋತು, ಬೂದಿ ಬಣ್ಣದ ಪುಟ್ಟಿ ಉದರಿತು, ಮೂರು ಚುಕ್ಕಿ ಕಂಡ್ವು. ಅಲ್ಲಿಗೇ ಮುಗೀಬೇಕಾಗಿತ್ತು. ಓಣಿಯ ಒಬ್ಬಾಕಿ ಸಾಕು ಬಿಡವಾ ಅಂದ್ಲು. ಒಂದು ನಮ್ಮದಾದ್ರ ಉಳಿದದ್ದೂ ನಮ್ಮವಂತ ಯಾರು ಹೇಳಬೇಕು ಅಂದೆ ನಾನು. ಅಂವ ಎರಡನೇದು ತಗೊಂಡ. ಮೂರನೇದು ತಗೊಂಡ. ಹನ್ನೆರಡು ದಿನದ ಕೆಲಸ ಫರ್ಸಿ ಮ್ಯಾಲ ಪುಡಿಯಾಗಿ ಬಿತ್ತು. ಏಳು ಸಾಮಾನಿನಾಗೂ ಮೂರು ಮೂರು ಚುಕ್ಕಿ ಹಲ್ಲು ಕಿಸದು ನನ್ನ ನೋಡಿದ್ವು. ನನಗ ನಾಚಿಕಿ ಆಗಾಕತ್ತಿತ್ತು, ಆದ್ರ ನಾಚಿಕಿ ಆದ್ರ ನನಗ ಸಿಟ್ಟು ಇನ್ನೂ ಏರತದ.

ಟ್ಯಾಪೆಟ್ ಕವರ್ ಎತ್ತಿಕೊಂಡ ಮ್ಯಾಲ ಅಂವ ಕೈ ತಡದ. ಇದಕ್ಕ ಕುಣಿನೇ ಇರಲಿಲ್ಲರಿ, ಇದಕ್ಕ ಪುಟ್ಟಿ ಮುಟ್ಟಿಸಿಲ್ಲ ಅಂದ. ಭಾವಾರ ಮಾರಿ ಬಿಗೀತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ಅದನ್ನೂ ಕೆರಿ ಅಂದ್ರು. ಕೆರದ. ಬಿಳೀ ತಗಡು ಕಂಡಿತು, ಚುಕ್ಕಿ ಇಲ್ಲ. ಇನ್ನೊಂದು ಅಂಚು ಕೆರದ, ಇಲ್ಲ. ಹೊರಮಗ್ಗಲ ಕೆರದ. ಅಂವನ ಹಣಿ ಮ್ಯಾಲಿಂದ ಬೆವರು ತಗಡಿನ ಮ್ಯಾಲ ಬಿತ್ತು. ಎಲ್ಲಾರೂ ನನ್ನ ನೋಡಿದ್ರು, ನೋಡು ಆಕಿ ಹೇಳಿದ್ದು ಖರೇ ಆತು ಅಂಬೋಹಂಗ.

ಅದೇ ಹೊತ್ತಿಗೆ ನಮ್ಮ ಮನಿಯವರು ಅಂಗಡಿ ಮುಚ್ಚಿ ಊಟಕ್ಕ ಬಂದ್ರು. ಓಣಿಯಾಗ ಅವರ ಚಪ್ಪಲಿ ಸಪ್ಪಳ. ನನ್ನ ಕೈಯಾಗಿನ ಮೊಳಿ ಹಿಟ್ಟಿನ ಡಬ್ಬಿಗೆ ಬಿದ್ದದ್ದು ಕಣ್ಣಮುಂದ ಬಂತು. ಎಂಟನೇದು ಗೋಣಿಚೀಲದ ಬದಿಗೆ ಹಂಗೇ ಉಳದಿತ್ತು. ನಾನು ಅದಕ್ಕ ಮೊಳಿ ಇಟ್ಟೇ ಇರಲಿಲ್ಲ.

ಬಾಯಿ ತೆಗದಿದ್ರ ಎರಡು ಮಾತು. ನಾನು ತೆಗೀಲಿಲ್ಲ. ಇಷ್ಟು ಮಂದಿ ಮುಂದ, ಏಳು ಸಲ ಸೋತ ಮ್ಯಾಲ, ಎಂಟನೇ ಸಲ ಗೆದ್ದಾಕಿ ಅದನ್ನ ಬಿಟ್ಟುಕೊಡೋದು ಹೆಂಗ? ಭಾವಾರು ಜೀಪಿನ ಮಾತು ಇನ್ನ ಎತ್ತಬ್ಯಾಡ ಅಂತ ಹೇಳಿ ಹೊಂಟುಹೋದ್ರು. ಮಿಸ್ತ್ರಿ ಕೆರದ ಸಾಮಾನು ಕೆರದಂಗೇ ಎಂಜಿನ್ನಿಗೆ ಕೂಡಿಸಿದ. ಹೋಗೂ ಮುಂದ ನನ್ನ ಕಡೆ ಕೈ ಮುಗದು, ನನ್ನ ಕಡೆನೇ ಎಲ್ಲೋ ಅದಲಬದಲ ಆಗಿರಬೇಕರಿ, ಹುಡಿಕಿ ತರತೇನಿ ಅಂದ. ತಾನು ಕಳಕೊಂಡೇ ಇಲ್ಲದ್ದನ್ನ ಹುಡುಕಾಕ ಹೋದ.

ಎರಡು ಸಲ ಬಂದ. ಒಮ್ಮೆ ಕಲಬುರಗಿಯ ಗುಜರಿ ಅಂಗಡಿ ಎಲ್ಲಾ ನೋಡಿ ಬಂದೆ, ಸಿಗಲಿಲ್ಲ ಅಂತ ಹೇಳಾಕ. ಎರಡನೇ ಸಲ ಸೊಲ್ಲಾಪುರಕ್ಕೂ ಹೋಗಿ ಬಂದೆ ಅಂತ ಹೇಳಾಕ. ಎರಡನೇ ಸಲ ನಾನು ಅಡಗಿ ಮನಿಯಾಗ ಅಡಗಿ ಕುಂತೆ, ಮನಿಯಾಗಿಲ್ಲ ಅಂತ ಹೇಳಿ ಕಳಿಸಿದೆ. ದಿನಾ ಹಿಟ್ಟು ತೆಗೆಯೂ ಮುಂದ ಆ ಡಬ್ಬಿಯಾಗ ಮೊಳಿ ಕೈಗೆ ಹತ್ತತಿತ್ತು. ತೆಗದು ಒಗೀಲಿಲ್ಲ ನಾನು. ಯಾಕಂತ ಕೇಳಬ್ಯಾಡ್ರಿ. ಒಂದೂವರಿ ತಿಂಗಳು ಹಿಂಗೇ ಹೋತು. ಆಮ್ಯಾಲ ಒಂದು ದಿನ ರೊಟ್ಟಿ ಬಡಿಯೋದು ಅರ್ಧಕ್ಕ ಬಿಟ್ಟು, ಟ್ಯಾಪೆಟ್ ಕವರ್ ಬಿಚ್ಚಿಸಿ ಚೀಲದಾಗ ಹಾಕಿಕೊಂಡು ಜೇವರ್ಗಿಗೆ ಹೋದೆ.

ಬೇವಿನ ಗಿಡದ ಕೆಳಗ ಅಂವ ಒಬ್ಬನೇ ಇದ್ದ. ಒಂದು ಕಬ್ಬಿಣದ ಕುರ್ಚಿ ಬಳಿಯಾಕತ್ತಿದ್ದ. ನಾನು ನಿಂತಕಾಲಲೇ ಹೇಳಿದೆ. ಇದಕ್ಕ ನಾನು ಗುರ್ತು ಹಾಕೇ ಇರಲಿಲ್ಲ, ಮರತಿದ್ದೆ, ಇದು ನಮ್ಮದೇ, ತಪ್ಪು ನಂದು. ಅಂವ ಬ್ರಶ್ ಡಬ್ಬಿ ಮ್ಯಾಲ ಇಟ್ಟ.

"ಯಾವಾಗ ನೆಪ್ಪಾತ್ರಿ ಅಕ್ಕಾರ?"

ಸುಳ್ಳು ಬಾಯಿತನಕ ಬಂದಿತ್ತು. ಆದ್ರ ಅಂವ ನನ್ನ ಮಾರಿ ನೋಡಾಕತ್ತಿದ್ದ. ಆವತ್ತೇ, ಕೆರಿಯೂ ಮುಂದೇ ಅಂದೆ.

ಅಂವ ಬೈಲಿಲ್ಲ. ಬೈದಿದ್ರ ನನ್ನ ಎದಿ ಹಗುರಾಗತಿತ್ತು. ತಮ್ಮ ಈಗ ಬ್ಯಾರೆ ಆಗ್ಯಾನ ಅಂದ. ಆ ಕವರು ನೀ ಮಾರಿಕೊಂಡಿಯೇನು ಅಂತ ಅಂವಗ ನಾನೇ ಕೇಳಿದೆನ್ರಿ, ಗಿಡದ ಬುಡಕ್ಕಿದ್ದ ಆ ಎರಡು ಡಬ್ಬಿ ಎಲ್ಲಿಂದ ತಂದಿ ಅಂತ ಕೇಳಿದೆನ್ರಿ, ಅಂವ ಅದೇ ದಿನ ಒಲಿ ಬ್ಯಾರೆ ಹೂಡಿದ, ಈಗ ಮಾತಿಲ್ಲ ಕತಿಯಿಲ್ಲ ಅಂದ. ನಾ ಅಫಜಲಪುರದಾಗ ಹಚ್ಚಿದ ಕಡ್ಡಿ ಇಲ್ಲಿ ಇನ್ನೊಂದು ಮನಿ ಸುಟ್ಟಿತ್ತು. ಕ್ಷಮಾ ಮಾಡ್ರಿ ಅಂತ ಬಗ್ಗಿದೆ. ಅಂವ ಹಿಂದಕ್ಕ ಸರದ.

"ನನಗ ಹೇಳಿ ಏನು ಮಾಡ್ತೀರಿ? ಎಲ್ಲಿ ಅಂದಿದ್ರಿ, ಅಲ್ಲಿ ಹೇಳ್ರಿ."

ಆಮ್ಯಾಲ ಮೊಳಿ, ಸುತ್ತಿಗಿ ತಂದು ನನ್ನ ಕೈಯಾಗ ಕೊಟ್ಟ. ಗುರ್ತು ಹಾಕೋದು ಬಾಕಿ ಅದಲ್ಲ, ಹಾಕಿಬಿಡ್ರಿ ಅಂದ. ಒಳಮಗ್ಗಲ ಹೊಳ್ಳಿಸಿದೆ. ಅಲ್ಲಲ್ಲ, ಮ್ಯಾಲ ಹಾಕ್ರಿ, ನಡುವ ಅಂದ. ನಾನು ಹೊಡದೆ. ಮೂರು ಸಲ ಹೊಡಿಯೂ ಮುಂದ ಕಣ್ಣೀರು ಬಂದು ಮೂರನೇ ಚುಕ್ಕಿ ಸೊಟ್ಟ ಬಿತ್ತು. ಅಂವ ಅದೇ ತಗಡಿಗೆ ತಿಕ್ಕಿ, ಕೆಂಪು ಹಚ್ಚಿ, ಒಂದು ದಿನ ಒಣಗಿಸಿ, ಕರೇದು ಹಚ್ಚಿ, ಬಿಸಲಿನಾಗ ಕಾಸಿ, ನಾಕನೇ ದಿನ ಬಸ್ಸಿನ ಡ್ರೈವರ್ ಕೈಲೇ ಕಳಿಸಿದ. ಬಣ್ಣ ಮೊದಲಿನಂಗೇ, ನೀರಾಗಿಂದ ಎತ್ತಿದಂಗ. ನಟ್ಟ ನಡುವ ಮೂರು ಕುಣಿ. ಪುಟ್ಟಿ ಅದಕ್ಕ ನಿಲ್ಲಂಗಿಲ್ಲ.

ಮುಂದಿನ ಅಮಾಸಿಗೆ ಘತ್ತರಗಿಗೆ ನಮ್ಮ ಮನಿಯವರ ಜೋಡಿ ಭಾವಾರನ್ನೂ ನಾನೇ ಕರದೆ. ಗುಡಿ ಮುಂದ, ಹೊಳಿ ಕಡೆ ಹೊಂಟ ಮಂದಿ ನಡುವ, ಕಾರು ಬಿಸಿ ಆಗಿರದಿದ್ರೂ ಬಾನೆಟ್ ಎತ್ತರಿ ಅಂದೆ. ಎತ್ತಿದ್ರು. ಇಂಥಾ ಚಂದ ಬಣ್ಣದಾಗ ಈ ಕುಣಿ ಯಾವ ಹುಚ್ಚ ಹೊಡದಾನ ಅಂದ್ರು. ಹುಚ್ಚ ಅಲ್ಲರಿ, ಹುಚ್ಚಿ ಅಂದೆ. ಮೊಳಿ, ಗೋಣಿಚೀಲ, ಹಿಟ್ಟಿನ ಡಬ್ಬಿ ಎಲ್ಲಾ ಹೇಳಿದೆ. ಭಾವಾರು, ಮರವು ಮನಷ್ಯಾರಿಗೇ ಬರತದವಾ ಅಂತ ಬಾನೆಟ್ ಮುಚ್ಚಾಕ ಹೋದ್ರು. ಮುಚ್ಚಬ್ಯಾಡ್ರಿ, ಇನ್ನೂ ಮುಗದಿಲ್ಲ ಅಂದು, ಆವತ್ತು ಚಪ್ಪಲಿ ಸಪ್ಪಳಕ್ಕ ಎಲ್ಲಾ ನೆಪ್ಪಾದ್ರೂ ಬಾಯಿ ಮುಚ್ಚಿಕೊಂಡ ಮಾತೂ ಹೇಳಿದೆ. ಆಗ ನಮ್ಮ ಮನಿಯವರು ನನ್ನ ನೋಡಿದ ನೋಟ ಈಗಲೂ ನನಗ ಮರೀವಲ್ದು. ನಗಲಿಲ್ಲ ಅವರು, ಹಳದಿ ಕಣ್ಣಿನ ಮಾತೂ ಆಡಲಿಲ್ಲ.

ಜೀಪುಗಳು ಆಗಲೇ ಬ್ಯಾರೆಯವನ ಕಡೆ ಹೋಗಿದ್ವು. ಒಂದು ಮಾತ್ರ ಉಳದಿತ್ತು, ಅದನ್ನ ಭಾವಾರು ಮಿಸ್ತ್ರಿಗೆ ಕಳಿಸಿದ್ರು. ಒಂದು ಜೀಪಿಗೆ ಶೆಡ್ ಏಳಲಿಲ್ಲ, ಗಿಡದ ಕೆಳಗ ನಾಕು ಗಳ ಹುಗದು ತಾಡಪತ್ರಿ ಬಿತ್ತು. ನನ್ನ ಎದಿಯಾಗ ಇನ್ನೊಂದು ಉಳದಿತ್ತು. ಊರ ಆ ಕಡೆ ತಮ್ಮನ ಮನಿ ಹುಡಿಕಿಕೊಂಡು ಹೋದೆ. ಅಂವ ಗಾಡಿ ಗಾಲಿಗೆ ಬಣ್ಣ ಹಚ್ಚಾಕತ್ತಿದ್ದ. ಕುಂದರಾಕ ಹಲಗಿ ಕೊಟ್ಟ, ನೀರು ಕೊಟ್ಟ, ನಾ ಹೇಳಿದ್ದೆಲ್ಲಾ ಕೇಳಿದ. ಅಣ್ಣನ ಮ್ಯಾಲ ಸಿಟ್ಟು ಬಿಡಪಾ, ಸಂಶಯ ಹಚ್ಚಿದಾಕಿ ನಾನು, ಅಂವ ಅಲ್ಲ ಅಂದೆ.

"ನೀವು ಹೊರಗಿನವರು, ನಿಮಗ ಸಂಶಯ ಬಂತು," ಅಂದ. "ಅಣ್ಣಗ ಯಾಕ ಬಂತ್ರಿ?"

ಅಂವ ಗಾಲಿ ತಿರಿವಿ ಬಣ್ಣ ಹಚ್ಚತ ಹೋದ, ನಾನು ನೀರು ಕುಡದು ತಂಬಿಗಿ ಕೆಳಗಿಟ್ಟೆ. ಇಡೂ ಮುಂದ ನನ್ನ ಬೆರಳು ಅದರ ತಳ ಸವರತಿತ್ತು.